ಬಿಲ್ಲಿನ ನಾಲ್ಕನೇ ಸಾಲು: ಸರ್ವಿಸ್‌ನಲ್ಲಿ ಬದಲಾದ ಎಂಜಿನ್ ಆಯಿಲ್, ಒಂದು ಪ್ರಕರಣ ಅಧ್ಯಯನ

ಅಕ್ಕ ಬಿಲ್ಲುಗಳನ್ನು ಓದಿ ಫೈಲಿಗೆ ಹಾಕುವವಳು, ನಾನು ಓದದೆ ಹಾಕುವವನು. ಈ ಪ್ರಕರಣ ಹೊರಬಿದ್ದದ್ದೇ ಅವಳ ಆ ಗುಣದಿಂದ. ಕಾರಿನ ಸರ್ವಿಸ್ ಮುಗಿದು ಏಳು ವಾರವಾಗಿತ್ತು. ಬಿಲ್ಲು ಅಷ್ಟೂ ದಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಡಚಿಕೊಂಡು ಬಿದ್ದಿತ್ತು. ಒಂದು ಸಂಜೆ ಅದನ್ನು ತೆಗೆದು ಹಿಂದಿನ ಎರಡು ಬಿಲ್ಲುಗಳ ಪಕ್ಕದಲ್ಲಿ ಇಟ್ಟು ನೋಡಿದವಳೇ ನನಗೆ ಫೋನ್ ಮಾಡಿದಳು.

“ಏನೋ, ಹಿಂದಿನ ಎರಡು ಬಿಲ್ಲಲ್ಲೂ ನಾಲ್ಕನೇ ಸಾಲಲ್ಲಿ ಆಯಿಲ್ ‘5ಡಬ್ಲ್ಯೂ-30 ಸಿ3’ ಅಂತಿದೆ. ಈ ಸಲ ‘5ಡಬ್ಲ್ಯೂ-30 ಎ3/ಬಿ4’ ಅಂತಿದೆ. ನಂಬರ್ ಅದೇ, ಬಾಲ ಬೇರೆ. ಇದರಲ್ಲಿ ಏನಾದ್ರೂ ಇದೆಯಾ?”

ನಾನು ಕೆಲವು ವರ್ಷ ಆಯಿಲ್ ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿದವನು. “ಕಾರಿನ ಜೊತೆ ಕೊಟ್ಟ ಪುಸ್ತಕ ತೆಗಿ, ಆಯಿಲ್ ಪುಟ ಓದು” ಅಂದೆ. ಓದಿದಳು: ಎಸಿಇಎ ಸಿ3, 5ಡಬ್ಲ್ಯೂ-30, ಫಿಲ್ಟರ್ ಸೇರಿ 5.2 ಲೀಟರ್. ಕಾರು ಎರಡು ಲೀಟರಿನ ಟರ್ಬೊ ಡೀಸೆಲ್. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಮೂರನೇ ವರ್ಷ, ವಾರಂಟಿ ಇನ್ನೂ ಉಳಿದಿದೆ. ಸರ್ವಿಸ್ ಮಾಡಿದ್ದು ಅಧಿಕೃತ ಡೀಲರ್‌ಶಿಪ್. ಬಿಲ್ಲಿನ ಪ್ರಕಾರ ಎಂಜಿನ್ನಿಗೆ ಹೋದದ್ದು ಪುಸ್ತಕ ಹೇಳದ ಆಯಿಲ್.

ಪ್ರಕರಣ ಇಷ್ಟೇ ಸರಳವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಕೇಳಲು ಹೋದಾಗ ನಮಗೆ ಒಂದೇ ಬೆಳಿಗ್ಗೆ ಮೂರು ಉತ್ತರ ಸಿಕ್ಕವು. ಅವುಗಳಲ್ಲಿ ಒಂದೊಂದೂ ಬಿಡಿಯಾಗಿ ಕೇಳಿದರೆ ಒಪ್ಪುವಂತೆಯೇ ಇತ್ತು.

ಮೂರು ಉತ್ತರ

ಮೊದಲು ಸಿಕ್ಕವರು ಸರ್ವಿಸ್ ಅಡ್ವೈಸರ್. ವಿನಯವಂತ ಹುಡುಗ. “ಮೇಡಂ, 5ಡಬ್ಲ್ಯೂ-30 ಅಂದ್ರೆ 5ಡಬ್ಲ್ಯೂ-30. ಗ್ರೇಡ್ ಒಂದೇ. ಹಿಂದೆ ಇರೋ ಅಕ್ಷರ ಕಂಪನಿಯವರು ಹಾಕ್ಕೊಳ್ಳೋದು” ಅಂದ.

ಅಕ್ಕ ಪುಸ್ತಕದ ಪುಟ ತೋರಿಸಿದ ಮೇಲೆ ವರ್ಕ್‌ಶಾಪ್ ಒಳಗಿನಿಂದ ಫ್ಲೋರ್ ಇನ್‌ಚಾರ್ಜ್ ಬಂದರು. ಅವರ ಮಾತೇ ಬೇರೆ: “ಹಾಕಿರೋದು ಸಿ3ನೇ. ಬಿಲ್ಲಿಂಗ್‌ನವರು ಕೋಡ್ ತಪ್ಪು ಹೊಡೆದಿದ್ದಾರೆ.”

ಕೊನೆಗೆ ಮ್ಯಾನೇಜರ್. ಅವರು ಕೂರಿಸಿ, ನೀರು ತರಿಸಿ, “ಎ3/ಬಿ4 ಹಾಕಿದ್ರೂ ತೊಂದರೆ ಇಲ್ಲ ಮೇಡಂ. ನಿಜ ಹೇಳ್ಬೇಕಂದ್ರೆ ಅದು ಸಿ3ಗಿಂತ ಒಂದು ಕೈ ಮೇಲೆ” ಅಂದರು.

ಹೊರಗೆ ಬರುತ್ತ ಅಕ್ಕ ಹೇಳಿದಳು: “ಆಯಿಲ್ ಬದಲಾಗಿಲ್ಲ. ಬದಲಾಗಿದೆ, ಆದ್ರೆ ಬಿಲ್ಲಲ್ಲಿ ಮಾತ್ರ. ಬದಲಾಗಿದೆ, ಒಳ್ಳೇದೇ ಆಯ್ತು. ಮೂರೂ ಒಟ್ಟಿಗೆ ನಿಜ ಆಗೋಕೆ ಹೇಗೆ ಸಾಧ್ಯ?”

ಮೂರನ್ನೂ ಒಂದೊಂದಾಗಿ ತೂಗಿ ನೋಡಬೇಕಾಯಿತು. ಅಡ್ವೈಸರ್ ಹುಡುಗನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅವನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಈ ವಿಷಯದಲ್ಲಿ ಜನ ದಾರಿ ತಪ್ಪುವುದು ಆ ಅರ್ಧ ಸರಿಯಲ್ಲೇ.

5ಡಬ್ಲ್ಯೂ-30 ಎನ್ನುವುದು ಆಯಿಲಿನ ಹೆಸರಲ್ಲ, ಅದರ ದಪ್ಪ-ತೆಳುವಿನ ಅಳತೆ. ಎಸ್‌ಎಇ ಜೆ300 ಎಂಬ ಮಾನದಂಡದಿಂದ ಬಂದದ್ದು. ‘5ಡಬ್ಲ್ಯೂ’ ಎಂದರೆ ಮೈನಸ್ 30 ಡಿಗ್ರಿ ಚಳಿಯಲ್ಲೂ ಎಂಜಿನ್ ತಿರುಗಿ ಸ್ಟಾರ್ಟ್ ಆಗುವಷ್ಟು ಹರಿಯಬೇಕು. ‘30’ ಎಂದರೆ 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 9.3 ಸೆಂಟಿಸ್ಟೋಕ್ಸ್‌ಗಿಂತ ಕೆಳಗಿಳಿಯಬಾರದು, 12.5 ಮುಟ್ಟಬಾರದು. ಇದರ ಜೊತೆ ಇನ್ನೊಂದು ಪರೀಕ್ಷೆ ಇದೆ. 150 ಡಿಗ್ರಿ ಶಾಖದಲ್ಲಿ, ಬೇರಿಂಗಿನ ಸಂದಿಯಲ್ಲಿ ಆಗುವಂಥ ಬಿರುಸಿನ ಉಜ್ಜಾಟದಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂದು ನೋಡುವುದು. ಲ್ಯಾಬಿನವರು ಇದನ್ನು ಎಚ್‌ಟಿಎಚ್‌ಎಸ್ ಅನ್ನುತ್ತಾರೆ. ಬರೀ 30 ಗ್ರೇಡಿಗೆ ಇದು 2.9 ಮಿಲಿಪಾಸ್ಕಲ್ ಸೆಕೆಂಡ್ ಇದ್ದರೆ ಸಾಕು. ಆದರೆ ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎ ಸಿ3ಗೂ ಎ3/ಬಿ4ಗೂ ಕನಿಷ್ಠ 3.5 ಕೇಳುತ್ತದೆ.

ಹಾಗಾಗಿ ದಪ್ಪದ ಲೆಕ್ಕದಲ್ಲಿ ಎರಡೂ ಸಮ. ಬೇರಿಂಗ್, ಕ್ಯಾಮ್‌ಶಾಫ್ಟ್, ಟರ್ಬೊ, ಯಾವುದಕ್ಕೂ ಎ3/ಬಿ4 ಕಡಿಮೆ ಬೀಳುವುದಿಲ್ಲ. ಹುಡುಗ ಅಷ್ಟರ ಮಟ್ಟಿಗೆ ಸರಿ.

ಬಾಲದ ಅಕ್ಷರ ಹೇಳುವುದು ಬೇರೆ ಸಂಗತಿ, ಬೂದಿಯದು. ಎಂಜಿನ್ ಆಯಿಲ್ ಎಂದರೆ ಬರೀ ಎಣ್ಣೆಯಲ್ಲ. ಕೊಳೆ ತೊಳೆದು ಆಮ್ಲ ತಣಿಸಲು ಅದರಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಶಿಯಂ ಇರುವ ಡಿಟರ್ಜೆಂಟ್ ಇರುತ್ತದೆ. ಲೋಹ ಸವೆಯದಂತೆ ಕಾಯಲು ಝಡ್‌ಡಿಡಿಪಿ ಎಂಬ, ಸತು-ರಂಜಕ-ಗಂಧಕ ಕೂಡಿದ ಸಂಯುಕ್ತ ಇರುತ್ತದೆ. ಎಂಥ ಒಳ್ಳೆಯ ಎಂಜಿನ್ನಿನಲ್ಲೂ ಚೂರುಪಾರು ಆಯಿಲ್ ಪಿಸ್ಟನ್ ರಿಂಗ್ ದಾಟಿ, ಟರ್ಬೊ ಸೀಲಿನಲ್ಲಿ ಜಿನುಗಿ ಉರಿಯುತ್ತದೆ. ಎಣ್ಣೆ ಉರಿದು ಹೋಗುತ್ತದೆ, ಲೋಹದ ಅಂಶ ಉರಿಯುವುದಿಲ್ಲ. ಅದು ಬೂದಿಯಾಗಿ ಹೊಗೆಯ ಜೊತೆ ಡಿಪಿಎಫ್‌ಗೆ ಬಂದು ಕೂರುತ್ತದೆ.

ಡಿಪಿಎಫ್‌ನಲ್ಲಿ ಎರಡು ಬಗೆಯ ಕಸ ಸೇರುತ್ತದೆ. ಒಂದು ಡೀಸೆಲ್ಲಿನ ಮಸಿ. ಅದು ತುಂಬಿದಾಗ ಕಾರಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಸುಟ್ಟುಬಿಡುತ್ತದೆ. ಇನ್ನೊಂದು ಆಯಿಲಿನ ಬೂದಿ. ಒಲೆಯ ಬೂದಿಯನ್ನು ಮತ್ತೆ ಉರಿಸಲು ಆಗುವುದಿಲ್ಲವಲ್ಲ, ಹಾಗೆಯೇ ಇದೂ. ಬಂದದ್ದು ಬಂದಂತೆ ಉಳಿಯುತ್ತದೆ. ಫಿಲ್ಟರ್ ಬಿಚ್ಚಿ ತೊಳೆಸಬೇಕು, ಇಲ್ಲವೇ ಬದಲಿಸಬೇಕು.

ಅದಕ್ಕೇ ಸಿ3 ಆಯಿಲಿನಲ್ಲಿ ಬೂದಿ ಅಂಶ 0.8 ಶೇಕಡಾ ಮೀರಬಾರದು, ರಂಜಕ 0.07ರಿಂದ 0.09 ಶೇಕಡಾ ಒಳಗಿರಬೇಕು. ಎ3/ಬಿ4 ಆಯಿಲಿನಲ್ಲಿ ಬೂದಿ 1.0ರಿಂದ 1.6ರವರೆಗೆ ಇರಬಹುದು. ಇರಬಹುದು ಅಷ್ಟೇ ಅಲ್ಲ, 1.0ಕ್ಕಿಂತ ಕಡಿಮೆ ಇರುವಂತಿಲ್ಲ. ಅದರ ಅರ್ಥ, ಎ3/ಬಿ4 ಎಂದು ಮಾತ್ರ ಬರೆದಿರುವ ಆಯಿಲ್ ಯಾವ ಕಾರಣಕ್ಕೂ ಸಿ3 ಆಗಲಾರದು. “ಎರಡೂ ಹೆಚ್ಚುಕಮ್ಮಿ ಒಂದೇ” ಅನ್ನಲು ಇಲ್ಲಿ ಜಾಗವಿಲ್ಲ.

ಮ್ಯಾನೇಜರ್ ಹೇಳಿದ “ಒಂದು ಕೈ ಮೇಲೆ” ಎಂಬ ಮಾತಿಗೂ ಬುಡವಿಲ್ಲದೆ ಇಲ್ಲ. ಡಿಟರ್ಜೆಂಟ್ ಜಾಸ್ತಿ ಇರುವುದರಿಂದ ಎ3/ಬಿ4ಗೆ ಆಮ್ಲ ತಣಿಸುವ ಶಕ್ತಿ ಹೆಚ್ಚು. ಟಿಬಿಎನ್ ಎಂಬ ಅಳತೆಯಲ್ಲಿ ಕನಿಷ್ಠ 10 ಇರಬೇಕು. ಸಿ3ಗೆ 6 ಸಾಕು. ಡಿಪಿಎಫ್ ಇಲ್ಲದ, ಗಂಧಕ ಜಾಸ್ತಿ ಇರುವ ಇಂಧನದಲ್ಲಿ ಓಡುವ ಹಳೆಯ ಎಂಜಿನ್ನಿಗೆ ಅದು ವರವೇ. ಆದರೆ ಮೇಲು-ಕೀಳು ಎಂಬುದು ಚಪ್ಪಲಿಯ ಸೈಜಿನ ಹಾಗೆ, ಕಾಲು ಯಾರದು ಎಂದು ಕೇಳದೆ ಹೇಳಲಾಗದು.

ಸಾಕ್ಷಿ

ಉಳಿದದ್ದು ಫ್ಲೋರ್ ಇನ್‌ಚಾರ್ಜ್ ಮಾತು, ಆಯಿಲ್ ಸರಿ, ಬಿಲ್ ತಪ್ಪು ಎಂಬುದು. ಇದನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ದೊಡ್ಡ ವರ್ಕ್‌ಶಾಪಿನಲ್ಲಿ ಒಂದೊಂದು ಕಾರಿಗೆ ಒಂದೊಂದು ಡಬ್ಬಿ ಒಡೆಯುವುದು ಕಡಿಮೆ. ಬ್ಯಾರಲ್ ಅಥವಾ ಟ್ಯಾಂಕಿನಲ್ಲಿ ಆಯಿಲ್ ಇರುತ್ತದೆ, ಅಲ್ಲಿಂದ ಪೈಪು, ಪೈಪಿನ ತುದಿಗೆ ಪೆಟ್ರೋಲ್ ಬಂಕಿನದರಂಥ ಮೀಟರ್ ಗನ್. ಮೆಕ್ಯಾನಿಕ್ ಗನ್ ಎತ್ತಿ 5.2 ಲೀಟರ್ ಒತ್ತುತ್ತಾನೆ. ಆ ಪೈಪಿನ ಇನ್ನೊಂದು ತುದಿ ಯಾವ ಬ್ಯಾರಲ್ಲಿಗೆ ಸಿಕ್ಕಿಸಿದೆ ಎಂದು ಅವನು ನೋಡಿರುವುದಿಲ್ಲ. ಬಿಲ್ಲು ತಯಾರಾಗುವುದು ಕಂಪ್ಯೂಟರಿನಲ್ಲಿ, ಒಂದು ಕೋಡ್ ಒತ್ತಿದರೆ ಫಿಲ್ಟರ್, ವಾಷರ್, ಆಯಿಲ್ ಎಲ್ಲ ಸಾಲಾಗಿ ಬಂದುಬಿಡುತ್ತವೆ. ಹಾಗಾಗಿ ಬಿಲ್ಲಿಗೂ ಎಂಜಿನ್ನಿಗೂ ನಂಟು ತಪ್ಪುವುದು ಎರಡೂ ಕಡೆಯಿಂದ ಸಾಧ್ಯ. ಬಿಲ್ಲಿನಲ್ಲಿ ಸರಿಯಾದ ಆಯಿಲ್ ಬರೆದು ಎಂಜಿನ್ನಿಗೆ ಬೇರೆಯದು ಹೋಗಬಹುದು. ಅದರ ತಿರುಗಾಮುರುಗಾವೂ ಆಗಬಹುದು. ಕಾಗದ ನೋಡಿ ಇದು ಇತ್ಯರ್ಥವಾಗದು.

ನಾನು ಅವತ್ತೇ ಸಂಜೆ ಆಯಿಲ್ ಬಸಿದು ಹೊಸತು ಹಾಕಿಸಿಬಿಡೋಣ ಅಂದೆ. ಅಕ್ಕ ಬೈದಳು. “ಇರೋ ಒಂದು ಸಾಕ್ಷೀನೂ ಬಸಿದು ಕೊಟ್ಟುಬಿಟ್ಟು ಆಮೇಲೆ ಯಾರ ಹತ್ರ ಏನಂತ ಜಗಳ ಆಡ್ತೀಯೋ?” ಲ್ಯಾಬಿನಲ್ಲಿ ಕೆಲಸ ಮಾಡಿದವನು ನಾನು, ಸ್ಯಾಂಪಲ್ ನೆನಪಾದದ್ದು ಅವಳಿಗೆ.

ಆದರೆ ಗಾಬರಿ ಪಡುವ ಸಂದರ್ಭವಲ್ಲ ಎಂಬುದು ಸ್ಪಷ್ಟವಿತ್ತು. ದಪ್ಪ ಸರಿ ಇರುವ ಆಯಿಲ್ ಇನ್ನೆರಡು ವಾರ ಇದ್ದರೆ ಎಂಜಿನ್ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ನಿಧಾನವಾಗಿ ಮಾಡಿದೆವು. ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ತೂತಿನೊಳಗೆ ಹೊಸ ಪ್ಲಾಸ್ಟಿಕ್ ನಳಿಗೆ ಇಳಿಸಿ ಕೈಪಂಪಿನಿಂದ ಎಳೆದೆವು. ಹಳೆಯ ನಳಿಗೆಯಾಗಲಿ ತೊಳೆದ ನೀರಿನ ಬಾಟಲಿಯಾಗಲಿ ಕೂಡದು. ಲ್ಯಾಬಿನ ಯಂತ್ರ ಹತ್ತು ಲಕ್ಷದಲ್ಲಿ ಒಂದು ಭಾಗವನ್ನೂ ಲೆಕ್ಕ ಹಿಡಿಯುತ್ತದೆ, ಬಾಟಲಿಯ ತಳದ ಕೊಳೆಯೂ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಬಾಟಲಿ ತುಂಬಿದೆವು. ಒಂದು ಪರೀಕ್ಷೆಗೆ, ಇನ್ನೊಂದು ಮುಚ್ಚಳದ ಮೇಲೆ ಟೇಪ್ ಸುತ್ತಿ, ದಿನಾಂಕ ಮತ್ತು ಓಡಿದ ಕಿಲೋಮೀಟರ್ ಬರೆದು ಇಟ್ಟುಕೊಳ್ಳಲು. ಸರ್ವಿಸ್ ಆದ ಮೇಲೆ ಕಾರು 2,600 ಕಿಲೋಮೀಟರ್ ಓಡಿತ್ತು. ಮೀಟರಿನ ಜೊತೆ ಬಾಟಲಿ ಇಟ್ಟು ಫೋಟೊ ತೆಗೆದವಳೂ ಅಕ್ಕನೇ.

ಬರೀ ಎಂಜಿನ್ನಿನ ಆಯಿಲ್ ಕಳಿಸಿದರೆ ಉಪಯೋಗ ಅರ್ಧ. ಹೋಲಿಸಲು ಬಳಸದ ಮೂಲ ಆಯಿಲ್ ಬೇಕು. ಬಿಲ್ಲಿನಲ್ಲಿದ್ದ ಬ್ರಾಂಡಿನ ಎ3/ಬಿ4 ಒಂದು ಸೀಲ್ ಡಬ್ಬಿ, ಹಿಂದಿನ ಬಿಲ್ಲುಗಳಲ್ಲಿದ್ದ ಸಿ3 ಒಂದು ಡಬ್ಬಿ ಕೊಂಡು, ಅವುಗಳಿಂದಲೂ ಸ್ಯಾಂಪಲ್ ತೆಗೆದೆವು. ನಾನು ಕೆಲಸ ಮಾಡಿದ ಲ್ಯಾಬಿಗೆ ಬೇಕೆಂದೇ ಕೊಡಲಿಲ್ಲ. ನನ್ನ ಪರಿಚಯ ಯಾರಿಗೂ ಇಲ್ಲದ ಬೇರೊಂದಕ್ಕೆ, 1, 2, 3 ಎಂದಷ್ಟೇ ಬರೆದು, ಅಕ್ಕನ ಹೆಸರಿನಲ್ಲಿ ಕಳಿಸಿದೆವು. “ತಮ್ಮ ಮಾಡ್ಕೊಟ್ಟ ರಿಪೋರ್ಟ್” ಎಂಬ ಮಾತು ನಾಳೆ ಬರುವುದು ಬೇಡ ಎಂದು.

ವರದಿ

ಮೂರು ಸ್ಯಾಂಪಲ್ಲಿನ ವರದಿ ಬಂದಾಗ ಅಕ್ಕ ಮೊದಲು ನೋಡಿದ್ದು ಸ್ನಿಗ್ಧತೆಯ ಸಾಲು. ಸಹಜ, ಅದೇ ಮೇಲಿರುತ್ತದೆ. 100 ಡಿಗ್ರಿಯಲ್ಲಿ ಹೊಸ ಎ3/ಬಿ4 12.1, ಹೊಸ ಸಿ3 12.0, ಎಂಜಿನ್ನಿನದು 10.9. “ಇದು ಎರಡಕ್ಕೂ ಹೊಂದಲ್ವಲ್ಲೋ, ಮೂರನೇದು ಯಾವುದೋ ಹಾಕಿದ್ದಾರೆ” ಎಂದು ಗಾಬರಿಯಾದಳು.

ಹಾಗೇನಿಲ್ಲ. ಡಿಪಿಎಫ್ ಕಾಯಿಸಲು ಚಿಮ್ಮಿಸುವ ಹೆಚ್ಚುವರಿ ಡೀಸೆಲ್ಲಿನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಅದರಿಂದ ಆಯಿಲ್ ತೆಳ್ಳಗಾಗುತ್ತದೆ. ಡೀಸೆಲ್ ಬೆರಕೆ ಎಷ್ಟೆಂದು ವರದಿಯಲ್ಲಿ ಬೇರೆ ಸಾಲೇ ಇತ್ತು, ಕಾರಣ ಅದೇ. ಬಳಸಿದ ಆಯಿಲ್ ಯಾವ ಜಾತಿಯದೆಂದು ಹುಡುಕುವವರಿಗೆ ಸ್ನಿಗ್ಧತೆ ನಂಬುವ ಸಾಕ್ಷಿಯಲ್ಲ. ಅದು ಬದಲಾಗುತ್ತಲೇ ಇರುತ್ತದೆ.

ಅಷ್ಟಾಗಿ ಬದಲಾಗದಿರುವುದು ಲೋಹದ ಅಂಶ. ಬೆರಳ ಗುರುತಿನ ಹಾಗೆ. ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಹೊಸ ಎ3/ಬಿ4ನಲ್ಲಿ ಕ್ಯಾಲ್ಸಿಯಂ 3,050, ರಂಜಕ 990, ಸತು 1,090. ಹೊಸ ಸಿ3ನಲ್ಲಿ ಕ್ಯಾಲ್ಸಿಯಂ 1,790, ರಂಜಕ 810, ಸತು 890. ಎಂಜಿನ್ನಿನಿಂದ ಎಳೆದದ್ದರಲ್ಲಿ ಕ್ಯಾಲ್ಸಿಯಂ 2,920, ರಂಜಕ 970, ಸತು 1,060.

ಎಂಜಿನ್ನಿನೊಳಗೆ ಇದ್ದದ್ದು ಎ3/ಬಿ4. ಆದರೆ ಪೂರ್ತಿ ಅಲ್ಲ, ಕ್ಯಾಲ್ಸಿಯಂ ಸ್ವಲ್ಪ ಕಡಿಮೆ ಇದೆ. ಇಲ್ಲಿ ನನಗೆ, ಸತ್ಯ ಹೇಳುತ್ತೇನೆ, ಹಳೆಯ ಕೆಲಸದ ಖುಷಿ ಒಂದು ಗಳಿಗೆ ಮರಳಿತು. ಆಯಿಲ್ ಬಸಿಯುವಾಗ ಎಲ್ಲವೂ ಇಳಿಯುವುದಿಲ್ಲ. ಸಂದುಗೊಂದು, ಕೂಲರ್, ಕಾಲುವೆಗಳಲ್ಲಿ ಹಳೆಯದು ಒಂದಿಷ್ಟು ಉಳಿಯುತ್ತದೆ. ಹತ್ತರಲ್ಲಿ ಒಂದು ಭಾಗ ಹಿಂದಿನ ವರ್ಷದ ಸಿ3, ಒಂಬತ್ತು ಭಾಗ ಹೊಸ ಎ3/ಬಿ4 ಎಂದು ಬೆರೆಸಿ ಲೆಕ್ಕ ಹಾಕಿದರೆ ಕ್ಯಾಲ್ಸಿಯಂ 2,924 ಬರುತ್ತದೆ. ವರದಿ ಹೇಳಿದ್ದು 2,920. ಹಿಂದಿನ ವರ್ಷ ಸಿ3 ಇತ್ತು, ಈ ವರ್ಷ ಅಲ್ಲ, ಈ ಎರಡನ್ನೂ ಆ ಒಂದೇ ಅಂಕಿ ಹೇಳುತ್ತಿತ್ತು. ಕಬ್ಬಿಣ, ಅಲ್ಯುಮಿನಿಯಂ ಅಂಶಗಳು ಮಾಮೂಲಾಗಿದ್ದವು. ಎಂಜಿನ್ ಸವೆದಿರಲಿಲ್ಲ.

ಬಿಲ್ಲು ನಿಜ ಹೇಳಿತ್ತು. ಅವತ್ತು ಬೆಳಿಗ್ಗೆ ಡೀಲರ್‌ಶಿಪ್ಪಿನಲ್ಲಿ ನಿಜ ಹೇಳಿದ್ದು ಅದೊಂದೇ.

ಹಾಳಾದದ್ದು ಎಷ್ಟು

ಅಕ್ಕನಿಗೆ ಬೇಕಿದ್ದದ್ದು ಈ ಉತ್ತರ. ಇದನ್ನು ಉಬ್ಬಿಸದೆ ಹೇಳುವುದು ನನ್ನ ಕರ್ತವ್ಯವಾಗಿತ್ತು, ಏಕೆಂದರೆ ಇಂಥ ಜಗಳಗಳಲ್ಲಿ ಕಾರಿನ ಒಡೆಯರೂ ಡೀಲರಿನಷ್ಟೇ ಉತ್ಪ್ರೇಕ್ಷೆ ಮಾಡುತ್ತಾರೆ.

ಬೂದಿಯನ್ನು ಲೋಹದ ಅಂಶದಿಂದ ಅಂದಾಜು ಮಾಡಬಹುದು. ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಅದರ ಸಲ್ಫೇಟ್ ಆಗಿ ಉಳಿಯುತ್ತದೆ, ತೂಕ 3.4 ಪಟ್ಟು. ಸತು ಆಕ್ಸೈಡ್ ಆಗುತ್ತದೆ, ಸುಮಾರು 1.25 ಪಟ್ಟು. ಹಾಗೆ ಕೂಡಿದರೆ ಎಂಜಿನ್ನಿನಲ್ಲಿದ್ದ ಆಯಿಲಿನ ಬೂದಿ 1.12 ಶೇಕಡಾ, ಸಿ3ನದು 0.72. ಈ 2,600 ಕಿಲೋಮೀಟರಿನಲ್ಲಿ ಡಿಪ್‌ಸ್ಟಿಕ್ ಕಣ್ಣಿಗೆ ಕಾಣುವಷ್ಟು ಇಳಿದಿರಲಿಲ್ಲ. ಆದರೂ ಧಾರಾಳವಾಗಿ 100 ಮಿಲಿಲೀಟರ್ ಉರಿದಿದೆ ಎಂದಿಟ್ಟುಕೊಳ್ಳೋಣ. ತೂಕದಲ್ಲಿ ಸುಮಾರು 85 ಗ್ರಾಂ. ಅದರಿಂದ ಬಂದ ಬೂದಿ 0.95 ಗ್ರಾಂ. ಸಿ3 ಇದ್ದಿದ್ದರೂ 0.61 ಗ್ರಾಂ ಬರುತ್ತಿತ್ತು. ವ್ಯತ್ಯಾಸ ಗ್ರಾಮಿನ ಮೂರನೇ ಒಂದು ಭಾಗ. ಡಿಪಿಎಫ್ ತನ್ನ ಆಯುಷ್ಯದಲ್ಲಿ ನುಂಗಿಕೊಳ್ಳುವುದು ಹತ್ತಾರು ಗ್ರಾಂ.

“ಹಂಗಾದ್ರೆ ಇಷ್ಟೆಲ್ಲ ರಾದ್ಧಾಂತ ಒಂದು ಚಿಟಿಕೆ ಬೂದಿಗಾ?”

ಒಂದು ಚಿಟಿಕೆಗೇ. ಅಕ್ಕ ಬಿಲ್ ಓದದೆ ಫೈಲಿಗೆ ಹಾಕಿ, ಮುಂದಿನ ಸರ್ವಿಸ್‌ಗಳಲ್ಲೂ ಅದೇ ಪೈಪಿನಿಂದ ಅದೇ ಆಯಿಲ್ ಬಂದಿದ್ದರೆ ಲೆಕ್ಕ ಬೇರೆ. ಬೂದಿ ಒಂದೂವರೆ ಪಟ್ಟಿಗೂ ಹೆಚ್ಚಿನ ವೇಗದಲ್ಲಿ ಸೇರುತ್ತಿತ್ತು, ಫಿಲ್ಟರಿನ ಆಯುಷ್ಯದಲ್ಲಿ ಮೂರನೇ ಒಂದು ಭಾಗ ಕೊಯ್ದು ಹೋಗುತ್ತಿತ್ತು. ಅದನ್ನು ಕಂಪ್ಯೂಟರ್ ಹಿಡಿಯುತ್ತಿತ್ತು ಎಂದುಕೊಳ್ಳಬೇಡಿ. ಅನೇಕ ಕಾರುಗಳಲ್ಲಿ ಸ್ಕ್ಯಾನರ್ ತೋರಿಸುವ ಬೂದಿಯ ಅಂಕಿ ಅಳೆದದ್ದಲ್ಲ, ಓಡಿದ ದೂರವನ್ನೋ ಸುಟ್ಟ ಇಂಧನವನ್ನೋ ನೋಡಿ ಊಹಿಸಿದ್ದು. ಸರಿಯಾದ ಆಯಿಲ್ ಇದೆ ಎಂಬ ನಂಬಿಕೆಯ ಮೇಲೆ ನಿಂತ ಊಹೆ.

ನನ್ನ ಚಿಂತೆ ಇದ್ದದ್ದು ಕಾಗದದ ಬಗ್ಗೆ. ಎರಡು ವರ್ಷದ ನಂತರ ಬೇರೆ ಯಾವುದೋ ಕಾರಣಕ್ಕೆ ಡಿಪಿಎಫ್ ಕಟ್ಟಿಕೊಂಡರೂ, ವಾರಂಟಿ ಕೇಳಲು ಹೋದಾಗ ಯಾರೋ ಫೈಲ್ ತೆರೆಯುತ್ತಾರೆ. ಅಲ್ಲಿ ತಪ್ಪು ಆಯಿಲಿನ ಬಿಲ್ಲು ಇದೆ. ಅದನ್ನು ಹಾಕಿದ್ದು ಯಾರು ಎಂಬ ಪ್ರಶ್ನೆ ಆಗ ಮಸುಕಾಗಿರುತ್ತದೆ, ತಪ್ಪು ಆಯಿಲ್ ಹಾಕಿದ ಕಾರು ಎಂಬುದಷ್ಟೇ ಉಳಿಯುತ್ತದೆ. ಹಾಗಾಗಿ ನಾವು ಹೊಸ ಎಂಜಿನ್ ಕೇಳಲಿಲ್ಲ, ಹೊಸ ಫಿಲ್ಟರ್ ಕೇಳಲಿಲ್ಲ. ಸರಿಯಾದ ಆಯಿಲ್, ಹೊಸ ಆಯಿಲ್ ಫಿಲ್ಟರ್, ಮತ್ತು ಆದದ್ದನ್ನು ಆದ ಹಾಗೆ ಬರೆದ ಒಂದು ಸಾಲು ಕೇಳಿದೆವು.

ಎಲ್ಲ ತಪ್ಪು ಆಯಿಲಿಗೂ ಇದೇ ಸಮಾಧಾನ ಹೇಳಲಾರೆ. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ತಿರುಗುತ್ತದೆ. ಫೋರ್ಡಿನ 1.0 ಲೀಟರ್ ಇಕೊಬೂಸ್ಟ್, ಪ್ಯೂಜೊ-ಸಿಟ್ರೊಯೆನ್‌ನ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನುಗಳ ಮೊದಲ ಮಾದರಿಗಳು ಅಂಥವು. ಅಲ್ಲಿ ಒಪ್ಪಿಗೆಯಿಲ್ಲದ ಆಯಿಲ್ ಬೆಲ್ಟಿನ ರಬ್ಬರನ್ನು ಮೆತ್ತಗೆ ಮಾಡಬಹುದು. ಉದುರಿದ ಚೂರುಗಳು ಆಯಿಲ್ ಹೀರುವ ಜಾಲರಿಗೆ ಕೂತರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದರೆ, ಕಡಿಮೆ ವೇಗದಲ್ಲಿ ಜೋರಾಗಿ ಎಳೆಯುವಾಗ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುವ ಸಂಭವ ಹೆಚ್ಚು. ಪಿಸ್ಟನ್ ಒಡೆಯಲು ಅಂಥ ಒಂದೆರಡು ಏಟು ಸಾಕಾಗಬಹುದು. 2020ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐನ ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. 3.5 ಎಚ್‌ಟಿಎಚ್‌ಎಸ್ ಬೇಡುವ ಎಂಜಿನ್ನಿಗೆ 2.6 ಸಾಕೆನ್ನುವ 0ಡಬ್ಲ್ಯೂ-20 ಸುರಿದರೆ ಬೇರಿಂಗಿನ ಪದರ ತೆಳುವಾಗುತ್ತದೆ. ಇಂಥ ಕಡೆ “ಸ್ಯಾಂಪಲ್ ತೆಗೆದು ಎರಡು ವಾರ ನೋಡೋಣ” ಅನ್ನಬಾರದು. ಸ್ಯಾಂಪಲ್ ತೆಗೆದ ದಿನವೇ ಬಸಿಯಬೇಕು.

ಎರಡನೇ ಭೇಟಿ

ವರದಿ ಮುಂದಿಟ್ಟಾಗ ಮ್ಯಾನೇಜರ್ ಅದರ ಕಡೆ ನೋಡದೆ, “ಇದು ನೀವೇ ಮಾಡಿಸಿದ್ದು, ನಾವು ಒಪ್ಪೋಕಾಗಲ್ಲ” ಅಂದರು. ಅಕ್ಕ ವಾದಕ್ಕೆ ಇಳಿಯಲಿಲ್ಲ. “ಸರಿ, ನನ್ನ ಹತ್ರ ಸೀಲ್ ಮಾಡಿದ ಇನ್ನೊಂದು ಬಾಟಲಿ ಇದೆ. ನೀವು ಒಪ್ಪೋ ಲ್ಯಾಬ್ ಯಾವುದು ಹೇಳಿ, ಇಬ್ಬರೂ ಒಟ್ಟಿಗೆ ಹೋಗಿ ಕೊಡೋಣ” ಅಂದಳು. ಅವರು ಲ್ಯಾಬಿನ ಹೆಸರು ಹೇಳಲಿಲ್ಲ.

ಮನೆಗೆ ಬಂದು ಕಾರು ತಯಾರಕರ ಗ್ರಾಹಕ ವಿಭಾಗಕ್ಕೆ ಪತ್ರ ಬರೆದಳು. ನಾನು ಬರೆದ ಕರಡಿನಲ್ಲಿ ಬೂದಿ, ರಂಜಕ, ಎಚ್‌ಟಿಎಚ್‌ಎಸ್ ಎಲ್ಲ ಇದ್ದವು. ಅದನ್ನು ಪಕ್ಕಕ್ಕಿಟ್ಟು ಅವಳು ಬರೆದದ್ದು ಐದು ಸಾಲು: ನಿಮ್ಮ ಪುಸ್ತಕದ ಈ ಪುಟ ಹೀಗೆ ಹೇಳುತ್ತದೆ, ನಿಮ್ಮ ಡೀಲರಿನ ಈ ಬಿಲ್ಲು ಹೀಗೆ ಹೇಳುತ್ತದೆ, ಲ್ಯಾಬ್ ವರದಿ ಬಿಲ್ಲನ್ನು ಒಪ್ಪುತ್ತದೆ, ಇದರಿಂದ ನನ್ನ ವಾರಂಟಿಗೆ ತೊಂದರೆ ಇದೆಯೇ, ಇಲ್ಲವೇ, ಬರಹದಲ್ಲಿ ತಿಳಿಸಿ. ಮೂರು ಕಾಗದದ ಪ್ರತಿ ಲಗತ್ತು. ನಾಲ್ಕನೇ ಸಾಲಿನ ಪ್ರಶ್ನೆ ಚತುರತೆಯದು. “ತೊಂದರೆ ಇದೆ” ಎಂದು ಬರೆದರೆ ಹೊಣೆ ಡೀಲರಿನದು, “ಇಲ್ಲ” ಎಂದು ಬರೆದರೆ ಅಕ್ಕನಿಗೆ ಬೇಕಿದ್ದ ಕಾಗದ ಸಿಕ್ಕ ಹಾಗೆ.

ನೇರ ಉತ್ತರ ಬರುವ ಮೊದಲೇ ಡೀಲರ್‌ಶಿಪ್ಪಿನಿಂದ ಫೋನ್ ಬಂತು. ದನಿ ಬದಲಾಗಿತ್ತು. ಆ ವಾರ ಸಿ3 ಬ್ಯಾರಲ್ ಖಾಲಿಯಾಗಿ, ಹೊಸತು ಬರುವುದು ತಡವಾಗಿ, ಯಾರೋ ಅದೇ ಪೈಪನ್ನು ಪಕ್ಕದ ಎ3/ಬಿ4 ಬ್ಯಾರಲ್ಲಿಗೆ ಸಿಕ್ಕಿಸಿದ್ದರಂತೆ. ಸ್ಟೋರಿನ ಗುಮಾಸ್ತರು ಮಾತ್ರ ತಾವು ಕೊಟ್ಟದ್ದೇ ಯಾವುದೋ ಅದರ ಕೋಡನ್ನೇ ನಮೂದಿಸಿದ್ದರು. “ಬಿಲ್ಲಿಂಗ್‌ನವರ ತಪ್ಪು” ಎಂದು ಅವತ್ತು ದೂರು ಹೊತ್ತದ್ದು ಇಡೀ ವರ್ಕ್‌ಶಾಪಿನಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದ್ದ ಆ ಒಬ್ಬ ವ್ಯಕ್ತಿ.

ಬದಲಿಸುವ ದಿನ ಅವರು ಎಂಜಿನ್ ಫ್ಲಶ್ ಮಾಡಿಕೊಡುತ್ತೇವೆ ಅಂದರು. ಉಚಿತ ಎಂದಾಗ ಆಸೆಯಾಗುತ್ತದೆ. ಬೇಡವೆಂದೆವು. ಲೆಕ್ಕ ಸರಳ: ಹತ್ತರಲ್ಲಿ ಒಂದು ಭಾಗ ಎ3/ಬಿ4 ಉಳಿದರೂ ಹೊಸ ಸಿ3 ಬೆರೆತ ಮೇಲೆ ಬೂದಿ 0.76ಕ್ಕೆ ಇಳಿಯುತ್ತದೆ, ಸಿ3ನ ಮಿತಿ 0.8ರ ಒಳಗೇ. ಒಂದು ಸಲ ಬಿಸಿಯಲ್ಲಿ ಪೂರ್ತಿ ಬಸಿದು ಫಿಲ್ಟರ್ ಬದಲಿಸಿದರೆ ಸಾಕು. ಅದಕ್ಕೆಂದು ಇನ್ನೊಂದು ರಾಸಾಯನಿಕ ಒಳಗೆ ಬಿಟ್ಟು, ಅದರ ಹತ್ತನೇ ಒಂದು ಭಾಗವನ್ನೂ ಉಳಿಸಿಕೊಳ್ಳುವುದೇಕೆ?

ಆಯಿಲ್ ಈ ಸಲ ಗನ್ನಿನಿಂದಲ್ಲ, ಸೀಲ್ ಡಬ್ಬಿಯಿಂದ. ಅಕ್ಕ ಪಕ್ಕದಲ್ಲೇ ನಿಂತು ಡಬ್ಬಿಯ ಹಿಂಬದಿ ಓದಿದಳು. ಅಲ್ಲೂ ಒಂದು ಎಡವಟ್ಟು. ಬಸಿಯಲು ಹತ್ತೇ ನಿಮಿಷ ಬಿಟ್ಟು, 5.2 ಲೀಟರ್ ಅಷ್ಟನ್ನೂ ಸುರಿದಿದ್ದರಿಂದ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆ ದಾಟಿತ್ತು. “ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದೇ” ಅಂದ ಮೆಕ್ಯಾನಿಕ್. ಒಳ್ಳೆಯದಲ್ಲ. ಕ್ರ್ಯಾಂಕ್ ಆಯಿಲಿಗೆ ಬಡಿದರೆ ಅದು ನೊರೆಯಾಗುತ್ತದೆ, ನೊರೆಯನ್ನು ಪಂಪ್ ಸರಿಯಾಗಿ ಎತ್ತಲಾರದು. ಡಿಪಿಎಫ್ ಇರುವ ಡೀಸೆಲ್ಲಿನಲ್ಲಂತೂ ಬೆರೆಯುವ ಇಂಧನದಿಂದ ಮಟ್ಟ ಏರುತ್ತಲೇ ಹೋಗಬಹುದು. ಜಾಸ್ತಿಯಾದದ್ದನ್ನು ಎಳೆಸಿದೆವು. ಮುಂದಿನ ಸರ್ವಿಸ್ ಲೆಕ್ಕವನ್ನು ಅವತ್ತಿನ ಕಿಲೋಮೀಟರಿನಿಂದ ಹೊಸದಾಗಿ ಶುರು ಮಾಡಿಸಿದೆವು.

ನಿಜವಾದ ಎಳೆದಾಟ ನಡೆದದ್ದು ಜಾಬ್ ಕಾರ್ಡಿನ ಮೇಲೆ. “ಗ್ರಾಹಕರ ಕೋರಿಕೆಯಂತೆ ಆಯಿಲ್ ಬದಲಿಸಲಾಗಿದೆ” ಎಂದು ಬರೆದು ಸಹಿಗೆ ಕೊಟ್ಟರು. ಅಕ್ಕ ಪೆನ್ ಕೆಳಗಿಟ್ಟಳು. “ನಾನು ಕೋರಿಕೊಂಡು ಬದಲಿಸಿದ್ದಲ್ಲ ಸರ್. ಯಾಕೆ ಬದಲಿಸಿದ್ರಿ ಅನ್ನೋದು ಇದರಲ್ಲಿ ಇಲ್ವಲ್ಲ.” ತಪ್ಪು ಎಂಬ ಪದ ಬರೆಯಲು ಅವರು ಸಿದ್ಧರಿರಲಿಲ್ಲ. ಆ ಪದ ನಮಗೂ ಬೇಕಿರಲಿಲ್ಲ. ಮುಕ್ಕಾಲು ಗಂಟೆಯ ನಂತರ ಎರಡೂ ಕಡೆ ಒಪ್ಪಿದ ವಾಕ್ಯ ಇದು: “ಹಿಂದಿನ ಸರ್ವಿಸ್‌ನಲ್ಲಿ ಕೈಪಿಡಿಯಲ್ಲಿ ಸೂಚಿಸಿದ್ದಕ್ಕಿಂತ ಬೇರೆ ದರ್ಜೆಯ ಆಯಿಲ್ ತುಂಬಲಾಗಿತ್ತು, 2,900 ಕಿ.ಮೀ. ನಂತರ ಸೂಚಿತ ಆಯಿಲ್ ಮತ್ತು ಫಿಲ್ಟರನ್ನು ಶುಲ್ಕವಿಲ್ಲದೆ ಹಾಕಲಾಗಿದೆ.” ಸಹಿ, ಮೊಹರು, ದಿನಾಂಕ. ಅದೇ ವಾಕ್ಯ ಕಂಪ್ಯೂಟರಿನ ಸರ್ವಿಸ್ ದಾಖಲೆಗೂ ಹೋದದ್ದನ್ನು ಪರದೆಯಲ್ಲಿ ನೋಡಿಯೇ ಅವಳು ಎದ್ದದ್ದು.

ಲ್ಯಾಬಿನ ಖರ್ಚು ಅವರು ಕೊಡಲಿಲ್ಲ. ವಾರಂಟಿಗೆ ಬಾಧೆಯಿಲ್ಲ ಎಂದು ತಯಾರಕರಿಂದ ಬಂದ ಉತ್ತರ ಒಂದೂವರೆ ಸಾಲಿನದು, ಆದರೆ ಬರಹದಲ್ಲಿತ್ತು. ಆ ವಾರ ಅದೇ ಪೈಪಿನಿಂದ ಇನ್ನೆಷ್ಟು ಕಾರುಗಳು ಕುಡಿದವು, ಅವರಿಗೆಲ್ಲ ಫೋನ್ ಹೋಯಿತೇ ಎಂದು ಅಕ್ಕ ಕೇಳಿದ್ದಕ್ಕೆ “ಅದನ್ನ ನಾವು ನೋಡ್ಕೋತೀವಿ ಮೇಡಂ” ಎಂಬಲ್ಲಿಗೆ ಮಾತು ನಿಂತಿತು. ಅವರಲ್ಲಿ ಹೆಚ್ಚಿನವರು ಬಿಲ್ಲು ಓದದೆ ಫೈಲಿಗೆ ಹಾಕುವ ನನ್ನಂಥವರೇ ಇರಬೇಕು.

ಸೀಲ್ ಮಾಡಿದ ಆ ಎರಡನೇ ಬಾಟಲಿ ಇನ್ನೂ ಅಕ್ಕನ ಬೀರುವಿನ ಕೆಳಗಿನ ಅರೆಯಲ್ಲಿದೆ. ಹೋದ ತಿಂಗಳು ಹೋದಾಗ, “ಇನ್ಯಾಕೆ ಇದು, ಎಸೆದುಬಿಡಲಾ?” ಎಂದು ಕೇಳಿದೆ. ವಾರಂಟಿ ಮುಗಿಯುವ ತಾರೀಖನ್ನು ಅದರ ಮುಚ್ಚಳದ ಮೇಲೆ ಆಗಲೇ ಬರೆದಿಟ್ಟಿದ್ದಳು.